ದುಡ್ಡು ಕೊಟ್ಟು ಕೊಂಡ ಆಟದ ಬೀಗದ ಕೈ ಯಾರ ಬಳಿ ಇರಬೇಕು?

ರಾಜಾಜಿನಗರದ ಆಟಗಾರ

ನೇರವಾಗಿ ಪ್ರಶ್ನೆಗೇ ಬರುತ್ತೇನೆ. ಬಿಲ್ ಸಮೇತ ಕೊಂಡ ಅಸಲಿ ವಿಡಿಯೊ ಗೇಮ್ ಒಂದನ್ನು ಕಂಪನಿಯೇ ಕೈಬಿಟ್ಟ ಮೇಲೆ, ಅದರ ಡಿಜಿಟಲ್ ಬೀಗವನ್ನು, ಅಂದರೆ ನಕಲು ತಡೆಯಲು ಕಂಪನಿ ಹಾಕಿದ ತಾಂತ್ರಿಕ ತಡೆಯನ್ನು, ನಾವೇ ತೆಗೆದು ಆಡಿಕೊಂಡರೆ ಅದು ಅಪರಾಧವೇ?

ನನ್ನ ಬಳಿ ಇರುವುದು 2000ದ ದಶಕದ ಡಿಸ್ಕುಗಳು. ಆ ಕಾಲದ ಬೆಂಗಳೂರಿನಲ್ಲಿ ಅಸಲಿ ಆಟ ಕೊಳ್ಳುವವರು ಎಷ್ಟು ವಿರಳ ಎಂಬುದು ಇಲ್ಲಿನ ಹಳಬರಿಗೆ ಗೊತ್ತು. ಮೆಜೆಸ್ಟಿಕ್ ಸುತ್ತಮುತ್ತ ನಕಲಿ ಸಿ.ಡಿ. ಪುಡಿಗಾಸಿಗೆ ಸಿಗುತ್ತಿದ್ದಾಗ, ಅದರ ಹಲವು ಪಟ್ಟು ಬೆಲೆ ತೆತ್ತು ಪೆಟ್ಟಿಗೆ ತಂದವರು ನಾವು. ಈಗ ಆ ಪೆಟ್ಟಿಗೆ ತೆರೆದರೆ ಕೈಪಿಡಿ ಇದೆ, ಅದರ ಹಿಂಬದಿಗೆ ಅಂಟಿಸಿದ ಸೀರಿಯಲ್ ಸಂಖ್ಯೆಯ ಚೀಟಿ ಇದೆ, ಒಂದು ಗೀರೂ ಇಲ್ಲದ ಡಿಸ್ಕ್ ಇದೆ. ಆ ಡಿಸ್ಕ್ ಡ್ರೈವಿನಲ್ಲಿ ಗಿರಗಿರನೆ ತಿರುಗುತ್ತಿರುವಾಗಲೇ, ಅಸಲಿ ಡಿಸ್ಕ್ ಹಾಕಿ ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. ಅಂದು ನಕಲಿ ಕೊಂಡವನ ಪ್ರತಿ ಇಂದಿಗೂ ಓಡುತ್ತದೆ, ಏಕೆಂದರೆ ಅದರ ಬೀಗವನ್ನು ಯಾರೋ ಆಗಲೇ ಕಿತ್ತು ಹಾಕಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿದೆ.

ಕಳ್ಳಪ್ರತಿಗಳ ಕೊಂಡಿಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಕಾನೂನು ಏನು ಹೇಳುತ್ತದೆ, ಅದು ಹೀಗೇ ಇರಬೇಕೇ ಎಂಬುದು ನನಗೆ ತಿಳಿಯಬೇಕಿದೆ.

ಎಸ್.ಪಿ. ರಸ್ತೆಯ ರಿಪೇರಿ ಅಂಗಡಿ

ಇಂಥ ಡಿಸ್ಕುಗಳನ್ನು ಹಿಡಿದು ನಮ್ಮ ಅಂಗಡಿಗೂ ಜನ ಬರುತ್ತಾರೆ. ನಿಮ್ಮ ಆಟದಲ್ಲಿ ಯಾವ ಬೀಗ ಇದೆ ಎಂದು ನೋಡದೆ ಹೇಳಲಾಗದು. ಆ ಕಾಲದಲ್ಲಿ ಹೆಚ್ಚು ಬಳಕೆಯಲ್ಲಿದ್ದವು ಸೇಫ್‌ಡಿಸ್ಕ್ ಮತ್ತು ಸೆಕ್ಯುರಾಮ್. ಸೇಫ್‌ಡಿಸ್ಕ್ ಡಿಸ್ಕಿನ ಮೇಲೆ ಸಾಮಾನ್ಯ ಸಿ.ಡಿ. ರೈಟರ್‌ಗಳಿಗೆ ನಕಲು ಮಾಡಲು ಬಾರದ ಗುರುತುಗಳನ್ನು ಇಡುತ್ತಿತ್ತು. ಆ ಗುರುತನ್ನು ಓದಲು ವಿಂಡೋಸ್ ಒಳಗೆ ಒಂದು ಡ್ರೈವರ್, ಅಂದರೆ ನೆರವಿನ ಸಣ್ಣ ಪ್ರೋಗ್ರಾಂ, ಬೇಕಿತ್ತು. ಆ ಡ್ರೈವರ್‌ನಲ್ಲೇ 2007ರಲ್ಲಿ ಭದ್ರತಾ ಲೋಪ ಪತ್ತೆಯಾಯಿತು: ಕಂಪ್ಯೂಟರಿನೊಳಗೆ ಸಣ್ಣ ಅಧಿಕಾರ ಇರುವ ಪ್ರೋಗ್ರಾಂ ಅದರ ಮೂಲಕ ಪೂರ್ಣ ಅಧಿಕಾರ ಪಡೆಯಬಹುದಿತ್ತು. 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಅದೇ ವರ್ಷ ಹಳೆಯ ವಿಂಡೋಸ್‌ಗಳಲ್ಲೂ ಅಪ್‌ಡೇಟ್ ಮೂಲಕ ಅದನ್ನು ನಿಲ್ಲಿಸಲಾಯಿತು. ಭದ್ರತೆಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ. ಆದರೆ ಬೀಗ ಓದುವವನನ್ನು ಹೊರಗೆ ಹಾಕಿದ ಮೇಲೆ ಬೀಗವನ್ನೂ ತೆಗೆಯಬೇಕಿತ್ತಲ್ಲ, ಆ ಕೆಲಸ ಆಟ ಮಾರಿದವರದು. ಕೆಲವರು ಮಾಡಿದರು, ಬಹಳ ಮಂದಿ ಮಾಡಲಿಲ್ಲ.

ಇಂದಿರಾನಗರದ ಪ್ರೋಗ್ರಾಮರ್

ನಾನು ಸಣ್ಣ ಗೇಮ್ ಸ್ಟುಡಿಯೊ ಒಂದರಲ್ಲಿ ಕೋಡ್ ಬರೆಯುತ್ತೇನೆ. ಇಲ್ಲಿ ಬೀಗ ಹಾಕುವವರೆಲ್ಲ ಖಳನಾಯಕರು ಎಂಬ ಧಾಟಿಗೆ ಚರ್ಚೆ ಹೊರಳುವ ಮೊದಲು ನಮ್ಮ ಕಡೆಯ ಮಾತನ್ನೂ ಕೇಳಿ.

1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಆರಂಭವಾದಾಗಿನಿಂದ ಈ ಊರು ಗೇಮ್ ಕೆಲಸ ಮಾಡುತ್ತಲೇ ಬಂದಿದೆ. ಆದರೆ ಬಹುಪಾಲು ಕೆಲಸ ಹೊರದೇಶದ ಕಂಪನಿಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ರೂಪಿಸಿ ಕೊಡುವುದು. ನಮ್ಮದೇ ಆಟ, ನಮ್ಮದೇ ಹೆಸರಿನಲ್ಲಿ ಎಂದು ಹೊರಟವರು ಬೆರಳೆಣಿಕೆಯಷ್ಟು. ಅಂಥ ತಂಡ ಎರಡು ಮೂರು ವರ್ಷ ಸಂಬಳಕ್ಕೆ ಒದ್ದಾಡಿ ಮುಗಿಸಿದ ಆಟ ಬಿಡುಗಡೆಯ ದಿನ ಸಂಜೆಯೇ ಟೆಲಿಗ್ರಾಂನಲ್ಲಿ ಬಿಟ್ಟಿ ಸಿಕ್ಕರೆ ಅದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ‘ದುಡ್ಡಿದ್ದರೆ ಕೊಳ್ಳುತ್ತಿದ್ದೆವು’ ಎನ್ನುವವರ ಫೋನಿನ ಬೆಲೆಯನ್ನೂ ನಾವು ನೋಡಿದ್ದೇವೆ.

ಆಟದ ಗಳಿಕೆಯ ದೊಡ್ಡ ಪಾಲು ಮೊದಲ ಕೆಲವು ವಾರಗಳಲ್ಲೇ ಬಂದುಬಿಡುತ್ತದೆ. ಡೆನುವೊ ಎಂಬ ಬೀಗ ಹಾಕಿದ ಆಟಗಳ ಬಗ್ಗೆ 2024ರಲ್ಲಿ ‘ಎಂಟರ್‌ಟೇನ್‌ಮೆಂಟ್ ಕಂಪ್ಯೂಟಿಂಗ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಿಡುಗಡೆಯಾದ ಕೂಡಲೇ ಬೀಗ ಒಡೆದುಹೋದರೆ ಗಳಿಕೆ ಸರಾಸರಿ ಶೇ 20ರಷ್ಟು ಕುಸಿಯುತ್ತದೆ ಎಂದು ಅದು ಲೆಕ್ಕ ಹಾಕಿದೆ. ಶೇ 20 ಎಂದರೆ ಸಣ್ಣ ತಂಡಕ್ಕೆ ಮುಂದಿನ ಆಟ ಮಾಡುವುದೋ ಬಾಗಿಲು ಹಾಕುವುದೋ ಎಂಬ ಪ್ರಶ್ನೆ.

ಬನಶಂಕರಿಯ ವಿದ್ಯಾರ್ಥಿ

ಮೇಡಂ, ಅದೇ ಅಧ್ಯಯನದ ಉಳಿದರ್ಧವನ್ನೂ ಹೇಳಬೇಕು. ಹನ್ನೆರಡು ವಾರಗಳ ನಂತರ ಬೀಗ ಒಡೆದರೆ ನಷ್ಟ ಹೆಚ್ಚುಕಡಿಮೆ ಶೂನ್ಯ ಎಂದೂ ಅದರಲ್ಲಿ ಇದೆ. ಹಾಗಿದ್ದ ಮೇಲೆ ಮೂರು ತಿಂಗಳು ಕಳೆದ ಬಳಿಕ ಬೀಗ ಯಾರನ್ನು ಕಾಯುತ್ತಿದೆ? 2016ರ ಡೂಮ್ ಆಟದಿಂದ ಅದೇ ವರ್ಷದ ಡಿಸೆಂಬರ್‌ನಲ್ಲಿ ಡೆನುವೊ ತೆಗೆದರು. ತೆಗೆಯಲು ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬೀಗದ ಭಾರವನ್ನು ಹೊರುವವರು ಕೊಂಡವರೇ. 2008ರಲ್ಲಿ ಸ್ಪೋರ್ ಎಂಬ ಆಟವನ್ನು ಮೂರು ಕಂಪ್ಯೂಟರ್‌ಗಳಿಗಿಂತ ಹೆಚ್ಚು ಕಡೆ ಹಾಕುವಂತಿರಲಿಲ್ಲ. ಜನ ಸಿಟ್ಟಿಗೆದ್ದು ಅಮೆಜಾನ್‌ನಲ್ಲಿ ಒಂದೊಂದೇ ನಕ್ಷತ್ರ ಕೊಟ್ಟು ಸಾಲುಗಟ್ಟಿ ವಿಮರ್ಶೆ ಬರೆದರು. 2010ರಲ್ಲಿ ಯೂಬಿಸಾಫ್ಟ್ ಎಂಬ ಗೇಮ್ ಕಂಪನಿ ತನ್ನ ಕೆಲವು ಆಟಗಳಿಗೆ ಸದಾ ಇಂಟರ್ನೆಟ್ ಇರಲೇಬೇಕು ಎಂದಿತು. ಮಾರ್ಚ್‌ನಲ್ಲಿ ಅದರ ಸರ್ವರ್‌ಗಳ ಮೇಲೆ ದಾಳಿಯಾದಾಗ ಹಣ ಕೊಟ್ಟವರು ಆಡಲಾಗದೆ ಕೈಕಟ್ಟಿ ಕುಳಿತರು. 2013ರ ಸಿಮ್‌ಸಿಟಿಯ ಬಿಡುಗಡೆಯೂ ಹೀಗೇ ಹಳ್ಳ ಹಿಡಿಯಿತು. ಇಂಟರ್ನೆಟ್ ಇಲ್ಲದೆ ಆಡುವ ವ್ಯವಸ್ಥೆ ಬಂದದ್ದು ಮರುವರ್ಷ. ನಮ್ಮ ಬಡಾವಣೆಯಲ್ಲಿ ಜೋರು ಮಳೆ ಬಂದರೆ ಕರೆಂಟು ಹೋಗುತ್ತದೆ, ಬ್ರಾಡ್‌ಬ್ಯಾಂಡ್ ಅದರ ಹಿಂದೆಯೇ ಹೋಗುತ್ತದೆ. ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಇರುತ್ತದೆ, ಒಬ್ಬನೇ ಆಡುವ ಆಟ ಇರುತ್ತದೆ, ಆದರೂ ಆಡುವ ಹಾಗಿಲ್ಲ.

ಇನ್ನು 2021ರ ರೆಸಿಡೆಂಟ್ ಈವಿಲ್ ವಿಲೇಜ್. ಕೊಂಡವರ ಪ್ರತಿ ಶತ್ರುಗಳು ಎದುರಾದಾಗಲೆಲ್ಲ ತಡವರಿಸುತ್ತಿತ್ತು, ಬೀಗ ಒಡೆದ ಪ್ರತಿ ಸರಾಗವಾಗಿ ಓಡುತ್ತಿತ್ತು. ಪರಿಣತರು ಎರಡನ್ನೂ ಅಳೆದು ತೋರಿಸಿದ ಮೇಲೆ ಆಟ ತಯಾರಿಸಿದ ಕ್ಯಾಪ್‌ಕಾಮ್ ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಬಿಟ್ಟು ಸರಿಪಡಿಸಿತು.

ಇಂದಿರಾನಗರದ ಪ್ರೋಗ್ರಾಮರ್

ಮೂರು ತಿಂಗಳ ಬಳಿಕ ತೆಗೆಯಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಬೀಗವೇ ಬೇಡ ಎನ್ನುವುದನ್ನು ಒಪ್ಪುವುದಿಲ್ಲ.

ಬೀಗವಿಲ್ಲದೆ ಗೆದ್ದವರೂ ಇದ್ದಾರೆ ಎಂದು ಯಾರಾದರೂ ಹೇಳುವ ಮೊದಲು ನಾನೇ ಹೇಳುತ್ತೇನೆ: ಪೋಲೆಂಡಿನ ಸಿಡಿ ಪ್ರೊಜೆಕ್ಟ್ 2008ರಲ್ಲಿ ಜಿಒಜಿ ಎಂಬ ಬೀಗರಹಿತ ಮಳಿಗೆ ತೆರೆಯಿತು, 2015ರಲ್ಲಿ ವಿಚರ್ 3 ಆಟವನ್ನು ಅಲ್ಲಿ ಬೀಗವಿಲ್ಲದೆ ಮಾರಿತು, ಎಲ್ಲ ಮಳಿಗೆಗಳೂ ಸೇರಿ ಆ ಆಟದ ಮಾರಾಟ 5 ಕೋಟಿ ಪ್ರತಿ ದಾಟಿತು. ಆದರೆ ಜಗತ್ತಿಡೀ ಕಾಯುತ್ತಿದ್ದ ಆಟ ಅದು. ಹೆಸರೇ ಕೇಳಿರದ ಹತ್ತು ಜನರ ತಂಡಕ್ಕೆ ಅದೇ ಅಳತೆಗೋಲು ಇಡುವುದು ನ್ಯಾಯವಲ್ಲ.

ಗಾಂಧಿನಗರದ ವಕೀಲ

ಮೂಲ ಪ್ರಶ್ನೆಗೆ ಬರೋಣ. ನಮ್ಮ ಕಾನೂನು ಈ ವಿಷಯದಲ್ಲಿ ಅಮೆರಿಕದ್ದಕ್ಕಿಂತ ಹದವಾಗಿದೆ, ಮತ್ತು ಅದು ಬಹುಪಾಲು ಜನರಿಗೆ ತಿಳಿದಿಲ್ಲ.

ಅಮೆರಿಕದಲ್ಲಿ 1998ರ ಡಿಎಂಸಿಎ ಎಂಬ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯ 1201ನೇ ಸೆಕ್ಷನ್ ಬೀಗ ಒಡೆಯುವುದನ್ನೇ ನಿಷೇಧಿಸುತ್ತದೆ. ನೀವು ಯಾವ ಉದ್ದೇಶಕ್ಕೆ ಒಡೆದಿರಿ ಎಂಬುದು ಬಹುಮಟ್ಟಿಗೆ ಗೌಣ. ವಿನಾಯಿತಿ ಬೇಕಿದ್ದರೆ ಮೂರು ವರ್ಷಕ್ಕೊಮ್ಮೆ ಅರ್ಜಿ ಹಾಕಿ ಕೇಳಬೇಕು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಸೆಕ್ಷನ್ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಇಲ್ಲಿ ‘ಉದ್ದೇಶ’ವೇ ಅಪರಾಧದ ತಿರುಳು. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಬೀಗ ತೆಗೆಯುವುದನ್ನು ಅದೇ ಸೆಕ್ಷನ್‌ನ ಎರಡನೆಯ ಉಪವಿಭಾಗ ಹೊರಗಿಡುತ್ತದೆ. ಭದ್ರತಾ ಪರೀಕ್ಷೆ, ಗೂಢಲಿಪಿ ಸಂಶೋಧನೆಗಳಿಗೂ ಅಲ್ಲೇ ಅವಕಾಶವಿದೆ.

ಇದನ್ನು 52ನೇ ಸೆಕ್ಷನ್ ಜೊತೆ ಇಟ್ಟು ಓದಿ. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು, ಅದನ್ನು ಯಾವ ಕೆಲಸಕ್ಕೆ ಕೊಟ್ಟಿದ್ದಾರೋ ಆ ಕೆಲಸಕ್ಕೆ ಬಳಸಿಕೊಳ್ಳಲು ನಕಲು ಮಾಡಬಹುದು, ಮಾರ್ಪಡಿಸಿಕೊಳ್ಳಬಹುದು. ಹಾಳಾದೀತೆಂಬ ಮುನ್ನೆಚ್ಚರಿಕೆಗೆ ಬ್ಯಾಕಪ್ ಇಟ್ಟುಕೊಳ್ಳಬಹುದು. ವಾಣಿಜ್ಯೇತರ ಸ್ವಂತ ಬಳಕೆಗೆ ನಕಲು ಮಾಡಿಕೊಳ್ಳಲು ಬೇರೆಯೇ ಖಂಡವಿದೆ. ಹಾಗಾಗಿ ರಾಜಾಜಿನಗರದವರು ತಮ್ಮದೇ ಡಿಸ್ಕಿನ ಬೀಗ ತೆಗೆದು ತಮ್ಮದೇ ಮನೆಯಲ್ಲಿ ಆಡಿದರೆ, 65ಎ ಅಡಿ ಅಪರಾಧ ಸಾಬೀತುಪಡಿಸುವುದು ಬಲು ಕಷ್ಟ ಎಂಬುದು ನನ್ನ ಅಭಿಪ್ರಾಯ. ಆ ಪ್ರತಿಯನ್ನು ಗೆಳೆಯನಿಗೆ ಕೊಟ್ಟ ಗಳಿಗೆಯಲ್ಲಿ ಈ ರಕ್ಷಣೆ ಹೋಗುತ್ತದೆ. ದುಡ್ಡಿಗೆ ಮಾರಿದರಂತೂ ಕೇಳಲೇಬೇಡಿ: ಕರ್ನಾಟಕದ ಗೂಂಡಾ ಕಾಯ್ದೆಗೆ 2014ರಲ್ಲಿ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಲಾಗಿದೆ. ವಾಣಿಜ್ಯ ಉದ್ದೇಶಕ್ಕೆ ಹಕ್ಕುಸ್ವಾಮ್ಯ ಉಲ್ಲಂಘಿಸುವವರನ್ನು ಮುನ್ನೆಚ್ಚರಿಕೆಯಾಗಿ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಕಳ್ಳಪ್ರತಿ ಮಾರುವವನನ್ನು ಶಿಕ್ಷಿಸಲಿ, ನನ್ನ ತಕರಾರಿಲ್ಲ. ವಿಚಾರಣೆಗೂ ಮೊದಲೇ ಒಂದು ವರ್ಷ ಒಳಗಿಡುವ ಅಸ್ತ್ರವನ್ನು ಹಕ್ಕುಸ್ವಾಮ್ಯಕ್ಕೆ ಬಳಸುವುದು ಅತಿಯಾಯಿತು ಎಂದು ವೃತ್ತಿಯಲ್ಲಿರುವ ನಮ್ಮಲ್ಲಿ ಹಲವರು ಆಗಲೂ ಹೇಳಿದ್ದೆವು, ಈಗಲೂ ಹೇಳುತ್ತೇವೆ.

ಎಸ್.ಪಿ. ರಸ್ತೆಯ ರಿಪೇರಿ ಅಂಗಡಿ

ಸರ್, ಗಿರಾಕಿಗೆ ಸ್ವತಃ ಬೀಗ ತೆಗೆಯಲು ಬಾರದೆ ನಮ್ಮ ಹತ್ತಿರ ತಂದರೆ?

ಗಾಂಧಿನಗರದ ವಕೀಲ

ಒಳ್ಳೆಯ ಪ್ರಶ್ನೆ. ಇನ್ನೊಬ್ಬರಿಗೆ ನೆರವಾಗುವವರು ಪೂರ್ಣ ದಾಖಲೆ ಇಡಬೇಕು ಎಂದು 65ಎ ಹೇಳುತ್ತದೆ: ತಂದವರ ಹೆಸರು, ವಿಳಾಸ, ಗುರುತಿನ ವಿವರ, ಯಾವ ಉದ್ದೇಶಕ್ಕೆ ಎಂಬುದು. ರಿಜಿಸ್ಟರ್ ಇಡದೆ ಇಂಥ ಕೆಲಸಕ್ಕೆ ಕೈ ಹಾಕಬೇಡಿ. ಅಸಲಿ ಡಿಸ್ಕನ್ನು ಕಣ್ಣಾರೆ ನೋಡಿ, ಅದರ ಫೋಟೊವನ್ನೂ ಇಟ್ಟುಕೊಳ್ಳಿ. ಫೋಟೊ ಕಾನೂನು ಕೇಳಿದ್ದಲ್ಲ, ನನ್ನ ಸಲಹೆ.

ಎಸ್.ಪಿ. ರಸ್ತೆಯ ರಿಪೇರಿ ಅಂಗಡಿ

ಕಳ್ಳ ಆಟ ಓಡಿಸಲು ಚಿಪ್ ಹಾಕಿಕೊಡಿ ಎಂದು ಬರುವವರನ್ನು ನಾವು ಹಿಂದಕ್ಕೆ ಕಳಿಸುತ್ತೇವೆ. ನನ್ನ ಚಿಂತೆ ರಿಪೇರಿಯದು. ಕೆಲವು ಕನ್ಸೋಲ್‌ಗಳಲ್ಲಿ, ಅಂದರೆ ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಯಂತ್ರಗಳಲ್ಲಿ, ಡಿಸ್ಕ್ ಡ್ರೈವನ್ನು ಮದರ್‌ಬೋರ್ಡಿಗೆ ಗುಪ್ತ ಸಂಕೇತದಿಂದ ಜೋಡಿ ಮಾಡಿರುತ್ತಾರೆ. ಡ್ರೈವ್ ಹೋಯಿತೆಂದು ಅದೇ ಮಾದರಿಯ ಇನ್ನೊಂದು ಡ್ರೈವ್ ಹಾಕಿದರೆ ಮದರ್‌ಬೋರ್ಡ್ ಒಪ್ಪುವುದಿಲ್ಲ, ಡಿಸ್ಕ್ ಓದುವುದಿಲ್ಲ. ಆದ್ದರಿಂದ ಹಳೆಯ ಡ್ರೈವಿನ ತಳದ ಸಣ್ಣ ಹಸಿರು ಬೋರ್ಡನ್ನು ಬಿಚ್ಚಿ, ರಿಬ್ಬನ್ ಕೇಬಲ್ ಹರಿಯದಂತೆ ಎತ್ತಿ, ಹೊಸ ಡ್ರೈವಿಗೆ ಕೂರಿಸಬೇಕು. ಹಳೆಯ ಡ್ರೈವಿನಲ್ಲಿ ಲೆನ್ಸ್ ಅಥವಾ ಮೋಟಾರ್ ಮಾತ್ರ ಹಾಳಾಗಿದ್ದರೆ ಇದು ನಡೆಯುತ್ತದೆ. ಆ ಹಸಿರು ಬೋರ್ಡೇ ಸುಟ್ಟಿದ್ದರೆ, ಉಳಿದದ್ದೆಲ್ಲ ಚೆನ್ನಾಗಿರುವ ಕನ್ಸೋಲ್‌ನಲ್ಲಿ ಇನ್ನೆಂದೂ ಡಿಸ್ಕ್ ಓಡುವುದಿಲ್ಲ. ಅಮೆರಿಕದಲ್ಲಿ 2021ರಲ್ಲಿ ಇಷ್ಟಕ್ಕೆ, ಅಂದರೆ ಕನ್ಸೋಲಿನ ಡಿಸ್ಕ್ ಡ್ರೈವ್ ರಿಪೇರಿಗೆ ಬೀಗ ತೆಗೆಯಲು ವಿನಾಯಿತಿ ಕೊಟ್ಟರು. ಅಸಲಿ ಡಿಸ್ಕ್ ಓಡಿಸಲೆಂದೇ ಮಾಡುವ ರಿಪೇರಿ ಇದು. ಇದರಿಂದ ಯಾವ ಕಂಪನಿಗೆ ಏನು ನಷ್ಟ?

ಜಯನಗರದ ಗ್ರಂಥಪಾಲಕಿ

ನಿಮ್ಮೆಲ್ಲರ ಮಾತು ಒಬ್ಬ ಗ್ರಾಹಕನ ಒಂದು ಪ್ರತಿಯ ಸುತ್ತ ನಡೆದಿದೆ. ನನಗೆ ಕಾಡುವುದು ಬೇರೆ. ಇನ್ನು ಐವತ್ತು ವರ್ಷಗಳ ನಂತರ ಈ ಆಟಗಳನ್ನು ಯಾರು ನೋಡುತ್ತಾರೆ?

ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೂ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಮಾರುವವರೂ ಇಲ್ಲ, ಉಳಿಸಿಕೊಳ್ಳಲು ಬಿಡುವವರೂ ಇಲ್ಲ. ಸರ್ವರ್ ಮುಚ್ಚಿದ ಆಟಗಳನ್ನು ಕಾಪಿಡಲು ಗ್ರಂಥಾಲಯಗಳಿಗೆ, ವಸ್ತುಸಂಗ್ರಹಾಲಯಗಳಿಗೆ ಅಲ್ಲಿ 2015ರಲ್ಲಿ ವಿನಾಯಿತಿ ಸಿಕ್ಕಿತು, 2018ರಲ್ಲಿ ಅದು ಇನ್ನಷ್ಟು ವಿಸ್ತರಿಸಿತು. ಆದರೆ ಆಟವನ್ನು ಆ ಕಟ್ಟಡದೊಳಗೆ ಕುಳಿತೇ ನೋಡಬೇಕು. ದೂರದ ಸಂಶೋಧಕರಿಗೆ ಇಂಟರ್ನೆಟ್ ಮೂಲಕ ತೋರಿಸಲು ಅನುಮತಿ ಕೇಳಿದಾಗ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ನಿರಾಕರಿಸಿತು.

ನಮ್ಮಲ್ಲಿ? ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಿಯ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಡಬಹುದು ಎಂದು 2012ರ ತಿದ್ದುಪಡಿ ಹೇಳಿದೆ. ಷರತ್ತು ಒಂದೇ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಪುಸ್ತಕಕ್ಕೆ ಇದು ಸರಿ. ಹುಟ್ಟಿನಿಂದಲೇ ಡಿಜಿಟಲ್ ಆಗಿರುವ ಆಟಕ್ಕೆ ಡಿಜಿಟಲ್ ಅಲ್ಲದ ಪ್ರತಿಯನ್ನು ಎಲ್ಲಿಂದ ತರುವುದು? 1954ರ ಕಾಯ್ದೆಯಂತೆ ದೇಶದಲ್ಲಿ ಪ್ರಕಟವಾಗುವ ಪುಸ್ತಕದ ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಬೆಂಗಳೂರಿನಲ್ಲೇ ತಯಾರಾದ ಒಂದು ಆಟದ ಪ್ರತಿಯನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ. ತಂಡ ಚದುರಿತು, ಸರ್ವರ್ ಬಾಡಿಗೆ ಕಟ್ಟುವವರು ಇಲ್ಲವಾದರು, ಅಲ್ಲಿಗೆ ಆ ಆಟ ಇತ್ತು ಎಂಬುದಕ್ಕೆ ಕುರುಹೇ ಉಳಿಯುವುದಿಲ್ಲ. ಅಂದಹಾಗೆ ಕಾಯ್ದೆಯ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿ. ಅದರ ಹಕ್ಕುಸ್ವಾಮ್ಯ ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಅಷ್ಟು ಕಾಲ ಯಾವ ಡಿಸ್ಕ್ ಬಾಳುತ್ತದೆ?

ಬನಶಂಕರಿಯ ವಿದ್ಯಾರ್ಥಿ

ಈಗ ಡಿಸ್ಕಿನ ಮಾತೂ ಹಳೆಯದಾಗುತ್ತಿದೆ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ಕ್ಕೆ ಮಾರುವ ಕೆಲವು ಕಾರ್ಡ್‌ಗಳಲ್ಲಿ ಆಟವೇ ಇಲ್ಲ, ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳುವ ಕೀಲಿ ಮಾತ್ರ ಇದೆ.

‘ದಿ ಕ್ರೂ’ ಕಥೆಯನ್ನೂ ಇಲ್ಲಿ ದಾಖಲಿಸಬೇಕು. 2014ರ ಕಾರ್ ರೇಸ್ ಆಟ ಅದು, ಒಬ್ಬರೇ ಆಡಬಹುದಾದ ದೊಡ್ಡ ಭಾಗ ಅದರಲ್ಲಿ ಇತ್ತು. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಸರ್ವರ್ ಮುಚ್ಚಿತು, ಇಡೀ ಆಟ ಸತ್ತಿತು. ಆಮೇಲೆ ಕೊಂಡವರ ಖಾತೆಗಳಿಂದ ಪರವಾನಗಿಯನ್ನೂ ಹಿಂಪಡೆಯಿತು. ಅದರಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿತು. ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಒತ್ತಡಕ್ಕೆ ಬೆಲೆ ಇದೆ: ಅದೇ ಆಟದ ಎರಡನೆಯ ಭಾಗಕ್ಕೆ ಆಫ್‌ಲೈನ್ ವ್ಯವಸ್ಥೆ ಕೊಡುವುದಾಗಿ ಕಂಪನಿ 2024ರಲ್ಲೇ ಘೋಷಿಸಬೇಕಾಯಿತು.

ರಾಜಾಜಿನಗರದ ಆಟಗಾರ

ವಕೀಲರೇ, ‘ನೀವು ಕೊಂಡಿರುವುದು ಆಟವನ್ನಲ್ಲ, ಪರವಾನಗಿಯನ್ನು’ ಎನ್ನುತ್ತಾರಲ್ಲ, ಅದು ನಮ್ಮ ನ್ಯಾಯಾಲಯಗಳಲ್ಲಿ ನಿಲ್ಲುತ್ತದೆಯೇ?

ಗಾಂಧಿನಗರದ ವಕೀಲ

ತೆರಿಗೆಯ ಮೊಕದ್ದಮೆಗಳಲ್ಲಿ ಉತ್ತರ ಬೇರೆಯೇ ಬಂದಿದೆ. ವಿದೇಶಿ ಕಂಪನಿಯಿಂದ ಸಾಫ್ಟ್‌ವೇರ್ ತರಿಸಿದವರು ಕೊಡುವ ಹಣ ರಾಯಲ್ಟಿಯೇ (ಹಕ್ಕುಸ್ವಾಮ್ಯ ಬಳಸಲು ಕೊಡುವ ಶುಲ್ಕವೇ) ಎಂಬ ವಿವಾದದಲ್ಲಿ ನಮ್ಮ ಹೈಕೋರ್ಟ್ ಹೌದು ಎಂದಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಒಪ್ಪಂದದ ಮೇಲೆ ಪರವಾನಗಿ ಎಂದು ಬರೆದಿದ್ದರೂ, ಬಳಕೆದಾರನಿಗೆ ಸಿಗುವುದು ಒಂದು ಪ್ರತಿ, ಅದು ಸರಕಿನ ಮಾರಾಟ ಎಂಬುದು ಅದರ ಸಾರ. ಅದು ಆದಾಯ ತೆರಿಗೆಯ ತೀರ್ಪು, ಗ್ರಾಹಕ ಪ್ರಕರಣಕ್ಕೆ ಹಾಗೇ ಎತ್ತಿ ಅಂಟಿಸಲು ಬರುವುದಿಲ್ಲ. ಇಂಟರ್ನೆಟ್ ಮೂಲಕ ಇಳಿಸಿಕೊಳ್ಳುವ ಸಾಫ್ಟ್‌ವೇರನ್ನು ಜಿಎಸ್‌ಟಿ ಸೇವೆ ಎಂದೇ ನೋಡುತ್ತದೆ, ಎದುರು ಪಕ್ಷ ಅದನ್ನೇ ಹಿಡಿದುಕೊಳ್ಳುತ್ತದೆ. ಆದರೂ ವಾದಕ್ಕೆ ಗಟ್ಟಿ ನೆಲ ಇದೆ.

ಇನ್ನೊಂದು ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುರಿಯುವ ಅಧಿಕಾರವನ್ನು ಮಾರುವವನಿಗೆ ಕೊಡುವ ಕರಾರು ಅದರ ಪ್ರಕಾರ ಅನ್ಯಾಯದ ಕರಾರು. ಇಂಥ ದೂರನ್ನು ಜಿಲ್ಲಾ ಆಯೋಗ ಕೇಳುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಡಿಜಿಟಲ್ ಮಳಿಗೆಗಳು ಕೊಳ್ಳುವ ಮುಂಚೆಯೇ ತಿಳಿಸಬೇಕು. ನನಗೆ ಅಷ್ಟೇ ಸಾಲದು. ಕಸಿದುಕೊಳ್ಳುತ್ತೇವೆ ಎಂದು ಮೊದಲೇ ಹೇಳಿ ಕಸಿದುಕೊಂಡರೆ ನ್ಯಾಯವಾಗಿಬಿಡುವುದಿಲ್ಲ.

ರಾಜಾಜಿನಗರದ ಆಟಗಾರ

ಹಾಗಾದರೆ ನಾವೊಂದು ಮನವಿ ಬರೆಯೋಣ. ಹಕ್ಕುಸ್ವಾಮ್ಯದ ವಿಷಯ ಕೇಂದ್ರದಲ್ಲಿ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಗೆ ಸೇರಿದೆ, ಅಲ್ಲಿಗೆ ಒಂದು ಪ್ರತಿ. ರಾಜ್ಯ ಸರ್ಕಾರದ 2024–29ರ ಎವಿಜಿಸಿ (ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್) ನೀತಿ ಗೇಮ್ ಉದ್ಯಮಕ್ಕೆ ನೆರವು ಕೊಡುತ್ತದೆ, ಆದ್ದರಿಂದ ಇಲ್ಲಿಗೂ ಒಂದು. ನನ್ನ ಕರಡು ಇದು: ಮಾರಾಟ ನಿಲ್ಲಿಸಿದ ಅಥವಾ ಸರ್ವರ್ ಮುಚ್ಚುವ ಕಂಪನಿ ಬೀಗ ತೆಗೆದ ಪ್ರತಿಯನ್ನು ಕೊಂಡವರಿಗೆ ಕೊಡಬೇಕು, ಗ್ರಂಥಾಲಯದ ವಿನಾಯಿತಿಯಿಂದ ‘ಡಿಜಿಟಲ್ ಅಲ್ಲದ ಪ್ರತಿ’ ಎಂಬ ಷರತ್ತು ಹೋಗಬೇಕು, ರಿಪೇರಿಗೆ ಬೀಗ ತೆಗೆಯುವುದು ಅಪರಾಧವಲ್ಲ ಎಂದು ನೇರವಾಗಿ ಬರೆಯಬೇಕು, ರಾಜ್ಯದ ನೆರವು ಪಡೆದು ತಯಾರಾದ ಆಟದ ಒಂದು ಬೀಗರಹಿತ ಪ್ರತಿ ಸಾರ್ವಜನಿಕ ಗ್ರಂಥಾಲಯಕ್ಕೆ ಸಲ್ಲಬೇಕು, ಸರ್ವರ್ ಕೋಡನ್ನು ಸಾರ್ವಜನಿಕಗೊಳಿಸಬೇಕು.

ಇಂದಿರಾನಗರದ ಪ್ರೋಗ್ರಾಮರ್

ಮೊದಲ ನಾಲ್ಕಕ್ಕೆ ನನ್ನ ಸಹಿ ಇದೆ. ಗ್ರಂಥಾಲಯದ್ದಕ್ಕೆ ಎರಡು ಕೈಯಿಂದಲೂ ಸಹಿ ಹಾಕುತ್ತೇನೆ. ನಾವು ಮಾಡಿದ್ದನ್ನು ಮೊಮ್ಮಕ್ಕಳು ನೋಡಬಾರದೆಂದು ಯಾವ ಕಲಾವಿದರೂ ಬಯಸುವುದಿಲ್ಲ.

ಐದನೆಯದನ್ನು ಒಪ್ಪಲಾರೆ. ಸರ್ವರ್ ಕೋಡಿನಲ್ಲಿ ಬೇರೆ ಕಂಪನಿಗಳಿಂದ ದುಡ್ಡು ಕೊಟ್ಟು ತಂದ ಭಾಗಗಳಿರುತ್ತವೆ, ಅವನ್ನು ಹಂಚುವ ಹಕ್ಕು ನಮಗೇ ಇಲ್ಲ. ಅದೇ ಕೋಡಿನ ಮೇಲೆ ನಮ್ಮ ಮುಂದಿನ ಆಟವೂ ನಿಂತಿರುತ್ತದೆ. ‘ಒಬ್ಬರೇ ಆಡುವ ಭಾಗ ಇಂಟರ್ನೆಟ್ ಇಲ್ಲದೆ ನಡೆಯುವಂತೆ ಕೊನೆಯ ಪ್ಯಾಚ್ ಕೊಡಬೇಕು, ಕೂಡಿ ಆಡುವ ಭಾಗಕ್ಕೆ ಆಟಗಾರರು ತಮ್ಮದೇ ಸರ್ವರ್ ನಡೆಸಿದರೆ ಅಡ್ಡಿಪಡಿಸಬಾರದು’ ಎಂದು ಬರೆಯಿರಿ. ಅದನ್ನು ಯೋಜನೆಯ ಹಂತದಲ್ಲೇ ಗಮನದಲ್ಲಿಟ್ಟರೆ ಸಣ್ಣ ತಂಡಕ್ಕೂ ಸಾಧ್ಯ. ಮುಚ್ಚುವ ವಾರದಲ್ಲಿ ಹೇಳಿದರೆ ಯಾರಿಂದಲೂ ಆಗದು. ಹಾಗಾಗಿ ಈ ನಿಯಮ ಇನ್ನು ಮುಂದೆ ಬಿಡುಗಡೆಯಾಗುವ ಆಟಗಳಿಗೆ ಮಾತ್ರ ಎಂದೂ ಸೇರಿಸಿ.

ಬನಶಂಕರಿಯ ವಿದ್ಯಾರ್ಥಿ

ಮುಂದಿನವುಗಳಿಗೆ ಮಾತ್ರ ಎಂದರೆ ಈಗ ಸಾಯುತ್ತಿರುವ ಆಟಗಳ ಗತಿ?

ಗಾಂಧಿನಗರದ ವಕೀಲ

ಅವಕ್ಕೆ ಬೇರೆ ಕಲಂ ಬರೆಯುತ್ತೇನೆ: ಕಂಪನಿ ಏನೂ ಕೊಡಬೇಕಿಲ್ಲ, ಆದರೆ ಅಸಲಿ ಪ್ರತಿ ಇರುವವರು ತಾವೇ ಬೀಗ ತೆಗೆದುಕೊಂಡರೆ ಅವರ ಮೇಲೆ ದೂರು ನಿಲ್ಲುವುದಿಲ್ಲ ಎಂದು. ಐದನೆಯ ಬೇಡಿಕೆಯನ್ನು ಇಂದಿರಾನಗರದವರು ಹೇಳಿದಂತೆ ತಿದ್ದುತ್ತಿದ್ದೇನೆ. ಎಸ್.ಪಿ. ರಸ್ತೆಯವರು ಯಾವ ಯಾವ ರಿಪೇರಿಗೆ ಬೀಗ ಅಡ್ಡ ಬರುತ್ತದೆ ಎಂಬ ಪಟ್ಟಿಯನ್ನು ಬರೆದು ಕೊಡಲಿ. ಭಾನುವಾರದೊಳಗೆ ಕನ್ನಡ ಪ್ರತಿಯನ್ನು ಇಲ್ಲೇ ಹಾಕುತ್ತೇನೆ, ಇಂಗ್ಲಿಷ್ ಪ್ರತಿ ಅದರ ಮರುದಿನ.